ಗಂಟೆ ಬಾರಿಸುವ ಜಾಗದಲ್ಲಿದ್ದ ಹೆಸರು

ನನ್ನ ಮೊಮ್ಮಗಳು ಕಸ್ತೂರಿ ತಲಾಟಿ ಆಗಿದ್ದಾಳೆ. ಇದನ್ನು ಮೊದಲು ಹೇಳಿಬಿಡುತ್ತೇನೆ. ಹೇಳದೆ ಮುಂದಿನದನ್ನು ಬರೆಯಲು ಕುಳಿತರೆ ಕೈ ನಿಲ್ಲುವುದಿಲ್ಲ. ಸರ್ಕಾರದ ಕಾಗದದಲ್ಲಿ ಆ ಹುದ್ದೆಗೆ ಈಗ ಗ್ರಾಮ ಆಡಳಿತ ಅಧಿಕಾರಿ ಎಂಬ ಉದ್ದನೆಯ ಹೆಸರಿದೆ. ನಮ್ಮ ಕಡೆಯವರ ಬಾಯಲ್ಲಿ ಅದು ಇನ್ನೂ ತಲಾಟಿಯೇ. ಇವತ್ತು ಬೆಳಿಗ್ಗೆ ಗದಗಿನಲ್ಲಿ ಅವಳ ಕೈಗೆ ಆದೇಶ ಕೊಟ್ಟರು. ಮುಂಡರಗಿ ತಾಲ್ಲೂಕಿನ ಊರು ಬಂದಿದೆ. ನಾನೂ ಹೋಗಿದ್ದೆ, ಹೊಸ ಧೋತರ ಉಟ್ಟುಕೊಂಡು. ಲಕ್ಷ್ಮೇಶ್ವರಕ್ಕೆ ಹಿಂದಿರುಗುವಾಗ ಬಸ್ಸಿನಲ್ಲಿ ಮುಂದೆ ಕುಳಿತವರಿಗೆ ಹೇಳಿದೆ, ಹಿಂದೆ ಕುಳಿತವರಿಗೂ ಹೇಳಿದೆ. ಕಂಡಕ್ಟರ್ ಕೊನೆಗೆ ಹತ್ತಿರ ಬಂದು, "ಯಜ್ಜಾ, ನೀ ಇಳಿಯೂ ಜಾಗ ಬಂತು. ಇನ್ನ ಡ್ರೈವರಗೊಬ್ಬಂಗ ಹೇಳೂದ ಉಳದೈತಿ, ಹೇಳೇ ಇಳದುಬಿಡು" ಎಂದ. ಹೇಳಿಯೇ ಇಳಿದೆ.

ತಲಾಟಿ ಆಗುವವರು ಎಷ್ಟೋ ಜನ ಇದ್ದಾರೆ, ಈ ಮುದುಕ ಯಾಕೆ ಇಷ್ಟು ಕುಣಿಯುತ್ತಾನೆ ಎಂದು ನೀವು ಕೇಳಬಹುದು. ಕಾರಣ ಇದೆ. ಮನೆಯ ಹಿರಿಯರು ತೀರಿಕೊಂಡ ಮೇಲೆ ಹೊಲ ಮಕ್ಕಳ ಹೆಸರಿಗೆ ಆಗಬೇಕಾದರೆ ವಂಶಾವಳಿ ಬೇಕು. ಯಾರಿಗೆ ಯಾರು ಹುಟ್ಟಿದರು, ಯಾರು ಇದ್ದಾರೆ, ಯಾರು ಇಲ್ಲ ಎಂದು ಊರಲ್ಲಿ ವಿಚಾರಿಸಿ ಅದಕ್ಕೆ ಸಹಿ ಹಾಕುವವರು ತಲಾಟಿ. ನಾನು ಹೆಳವ. ಮನೆಮನೆಗೆ ಹೋಗಿ ವಂಶಾವಳಿ ಹೇಳುವುದೇ ನಮ್ಮ ಹಿರಿಯರ ಕಾಲದಿಂದ ಬಂದ ಉದ್ಯೋಗ. ನನ್ನ ಅಪ್ಪ, ಅಜ್ಜ, ಮುತ್ತಜ್ಜ ಬಾಯಿಂದ ಹೇಳಿದ್ದನ್ನು ಇನ್ನು ಮುಂದೆ ನನ್ನ ಮೊಮ್ಮಗಳು ಸಹಿ ಹಾಕಿ ಹೇಳುತ್ತಾಳೆ. ಇದಕ್ಕೆ ಕುಣಿಯದೆ ಇನ್ಯಾವುದಕ್ಕೆ ಕುಣಿಯಲಿ?

ನಾನು ಕಲಿತದ್ದು ನಾಲ್ಕನೇ ಇಯತ್ತೆ. ಬರವಣಿಗೆ ನನ್ನ ಕೆಲಸವಲ್ಲ. ಆದರೂ ನನ್ನ ಉದ್ಯೋಗದಲ್ಲಿ ನಡೆದ ಒಂದು ಸಂಗತಿಯನ್ನು ಇವತ್ತೇ ಬರೆದಿಡಬೇಕು ಎನ್ನಿಸಿದೆ. ಆ ಊರಿನ ಹೆಸರು ಹೇಳುವುದಿಲ್ಲ. ಡಂಬಳದ ಆಚೆ ಎಂದರೆ ಸಾಕು. ಅಲ್ಲಿಯ ಮನೆತನದವರ ಹೆಸರುಗಳನ್ನೂ ಬದಲಿಸಿದ್ದೇನೆ.

ಗದಗ ಹೊಸ ಜಿಲ್ಲೆಯಾದದ್ದು 1997ರಲ್ಲಿ. ನಾನು ಹೇಳುವುದು ಅದರ ಮರುವರ್ಷದ ಮಾತು. ಆಗ ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಸುತ್ತಲಿನ ಹಳ್ಳಿಗಳಲ್ಲಿ ನನ್ನ ಒಕ್ಕಲುಗಳಿದ್ದವು. ಯಾವ ಮನೆತನದ ವಂಶವನ್ನು ನಾವು ಹೇಳುತ್ತೇವೆಯೋ ಆ ಮನೆತನ ನಮಗೆ ಒಕ್ಕಲು. ಎತ್ತಿನ ಮೇಲೆ ಕುಳಿತು, ಕಾಲಿನ ಮೇಲೆ ಕಂಬಳಿ ಹೊದ್ದು, ಕೈಯಲ್ಲಿ ಕಂಚಿನ ಗಂಟೆ ಹಿಡಿದು ಊರು ಸೇರುತ್ತಿದ್ದೆ. ಹೆಂಡತಿ ಯಲ್ಲವ್ವ ಗಂಟುಮೂಟೆ ಹೊತ್ತು ಜೊತೆಗೆ ಬರುತ್ತಿದ್ದಳು. ಎರಡು ಮೂರು ವರ್ಷಕ್ಕೊಮ್ಮೆ ಒಂದು ಮನೆಗೆ ಹೋಗಿ ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನ ತನಕ ಹೇಳುವುದು, ನಡುವೆ ಹುಟ್ಟಿದ ಹೊಸ ಹೆಸರುಗಳನ್ನು ಸೇರಿಸಿಕೊಳ್ಳುವುದು, ಅವರು ಕೊಟ್ಟ ಕಾಳು, ಬಟ್ಟೆ ತೆಗೆದುಕೊಂಡು ಮುಂದಿನ ಊರಿಗೆ ನಡೆಯುವುದು. ಬೇರೆ ಹೆಳವರಲ್ಲಿ ಹೊತ್ತಿಗೆ ಇಟ್ಟುಕೊಂಡವರೂ ಇದ್ದರು. ನಮ್ಮ ಮನೆಯಲ್ಲಿ ಎಲ್ಲವೂ ಬಾಯಿಪಾಠ.

ಡಂಬಳದ ಆಚೆಯ ಆ ಊರಿನ ಕೋಟೆಯಂಥ ವಾಡೆಯ ಮನೆಯವರು ನನಗೆ ದೊಡ್ಡ ಒಕ್ಕಲು. ಅವರದು ನಾಡಗೌಡಕಿ ಮನೆತನ. ಸುತ್ತಲಿನ ಹಳ್ಳಿಗಳಿಗೆಲ್ಲ ಹಿರಿಯರೆಂದು ಯಾವುದೋ ಕಾಲದ ಅರಸರು ಕೊಟ್ಟ ಪದವಿ ಅದು. ಅರಸರು ಹೋದರು, ಇಂಗ್ಲಿಷರು ಹೋದರು, ಇನಾಮು ಭೂಮಿಯೂ ಹೋಯಿತು. ಪದವಿಯ ಜೊತೆಗೆ ಉಳಿದದ್ದು ಎರಡೇ: ಒಂದು ತಲೆಗೆ ಸುತ್ತುವ ಕೆಂಪು ಜರಿಯ ರುಮಾಲು, ಇನ್ನೊಂದು ಊರ ಕೆರೆಯ ತೂಬು. ಹಿಂಗಾರಿ ಬೆಳೆಗೆ ಕೆರೆಯ ನೀರು ಬಿಡುವಾಗ ತೂಬನ್ನು ಮೊದಲು ಎತ್ತುವ ಕೈ ನಾಡಗೌಡರದು. ಯಾರ ಹೊಲಕ್ಕೆ ಮೊದಲು, ಯಾರ ಹೊಲಕ್ಕೆ ಆಮೇಲೆ ಎಂದು ಅವರು ಹೇಳಿದರೆ ರೈತರು ಒಪ್ಪುತ್ತಿದ್ದರು. ಕೋರ್ಟಿಗೆ ಹೋಗುತ್ತಿರಲಿಲ್ಲ.

ಒಬ್ಬ ನಾಡಗೌಡರಿಂದ ಇನ್ನೊಬ್ಬರಿಗೆ ರುಮಾಲು ಹೋಗುವಾಗ ಹೆಳವ ಬರಲೇಬೇಕು. ಮೊದಲ ನಾಡಗೌಡರಿಂದ ಹಿಡಿದು ಗಾದಿಯ ಮೇಲೆ ಕುಳಿತವರ ಹೆಸರುಗಳನ್ನು ಸಾಲಾಗಿ ಹೇಳುತ್ತಾ ಬಂದು, ಕೊನೆಯಲ್ಲಿ ಹೊಸಬರ ಹೆಸರನ್ನು ಸೇರಿಸಬೇಕು. ಆ ಸಾಲಿನಲ್ಲಿ ಸೇರಿದ ಮೇಲೆಯೇ ರುಮಾಲು. ನಾನು ಒಂದೊಂದು ಹೆಸರು ಹೇಳಿದಾಗಲೂ ಒಳಗೆ ಹೊಸ್ತಿಲ ಆಚೆ ಮನೆಯ ಹಿರಿಯ ಸೊಸೆ ಹರಿವಾಣದಲ್ಲಿ ಒಂದೊಂದು ವೀಳ್ಯದೆಲೆ ಇಡುತ್ತಿದ್ದಳು. ಎಲ್ಲ ಮುಗಿದ ಮೇಲೆ ಆ ಎಲೆಗಳನ್ನು ಕೆರೆಗೆ ಬಿಡುತ್ತಿದ್ದರು. ಅದು ಹೆಂಗಸರ ಕೆಲಸ. ಹೊರಗೆ ಕುಳಿತ ಗಂಡಸರು ಅತ್ತ ತಿರುಗಿಯೂ ನೋಡುತ್ತಿರಲಿಲ್ಲ. ನಾನೂ ನೋಡಿದವನಲ್ಲ.

ಆ ವರ್ಷ ನಾಡಗೌಡರಾಗಿದ್ದವರು ಶಂಕರಗೌಡರು. ಲಕ್ವ ಹೊಡೆದು ಎಡಗೈ ಬಿದ್ದುಹೋಗಿತ್ತು. ಅವರಿಗೆ ಗಂಡುಮಕ್ಕಳಿಲ್ಲ. ಇದ್ದವಳು ಮಗಳು ಚನ್ನವ್ವ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಅಪ್ಪನನ್ನು ನೋಡಿಕೊಂಡಿದ್ದಳು. ಅಪ್ಪ ಹಾಸಿಗೆ ಹಿಡಿದ ಮೇಲೆ ಕೆರೆಯ ನೀರಿನ ಜಗಳಗಳನ್ನೂ ಅವಳೇ ಬಗೆಹರಿಸುತ್ತಿದ್ದಳು. ಏರಿಯ ಮೇಲೆ ನಿಂತು ಅವಳು ಒಂದು ಮಾತು ಹೇಳಿದರೆ ಸಲಿಕೆ ಎತ್ತಿ ನಿಂತವರು ಸಲಿಕೆ ಇಳಿಸುತ್ತಿದ್ದರು. ಆದರೆ ರುಮಾಲಿನ ಮಾತು ಬಂದಾಗ ಶಂಕರಗೌಡರ ತಮ್ಮ ವಿರೂಪಾಕ್ಷಗೌಡರು ಗದಗಿನಿಂದ ಬಂದರು. ತಮ್ಮ ಕಿರಿಯ ಮಗನನ್ನು ಅಣ್ಣನಿಗೆ ದತ್ತು ಕೊಟ್ಟು, ಅವನಿಗೆ ರುಮಾಲು ಸುತ್ತಬೇಕು ಎಂಬುದು ಅವರ ಲೆಕ್ಕ. ಕೆಟ್ಟ ಮನುಷ್ಯರಲ್ಲ. "ಈ ಗಾದಿಮ್ಯಾಲ ಹೆಣ್ಮಗಳು ಕುಂತಿದ್ದ ಇಲ್ಲ, ನಮ್ಮ ಕಾಲಕ್ಕ ಆ ಅಪವಾದ ಬ್ಯಾಡ" ಎಂದು ನಿಜವಾಗಿ ನಂಬಿದ್ದರು. ಹಾಗೆ ಆಗಿಬಿಟ್ಟರೆ ವಾಡೆ, ಕೆರೆ ಎರಡೂ ವಿರೂಪಾಕ್ಷಗೌಡರ ಕೈಗೆ. ಚನ್ನವ್ವ ಹಿತ್ತಲ ಕೋಣೆಯಲ್ಲಿ ಅವರು ಹಾಕಿದ ಅನ್ನ ತಿಂದುಕೊಂಡು ಇರಬೇಕಾಗುತ್ತಿತ್ತು.

ದಸರೆ ಮುಗಿದ ಮೇಲೆ ನನಗೆ ಕರೆ ಬಂತು. ಹೋಗಿ ವಾಡೆಯ ದನದ ಕೊಟ್ಟಿಗೆಯಲ್ಲಿ ಎತ್ತು ಕಟ್ಟಿದೆವು. ಸಂಜೆ ಚನ್ನವ್ವ ತಾನೇ ಒಂದು ಹೊರೆ ಕಣಿಕೆ ತಂದು ಎತ್ತಿನ ಮುಂದೆ ಹಾಕಿದಳು. ಹಾಕಿ ಹೋಗಲಿಲ್ಲ, ನಿಂತಳು.

"ಹನಮಂತಪ್ಪ, ಒಂದ ಮಾತ ಕೇಳ್ಲೇನು? ನೀ ಐದನೇ ನಾಡಗೌಡ್ರ ಹೆಸರ ಹೇಳಿದ ಮ್ಯಾಲ ಗಂಟಿ ಬಾರಸ್ತಿ. ಬ್ಯಾರೆ ಎಲ್ಲೂ ನಡುವ ಬಾರಸೂದಿಲ್ಲ. ನಿಮ್ಮಪ್ಪನೂ ಹಂಗ ಬಾರಸ್ತಿದ್ದ, ನಾ ಸಣ್ಣಾಕಿದ್ದಾಗ ಕೇಳೇನಿ. ಅಲ್ಲೇ ಯಾಕ?"

"ಅದು ಹಂಗ ಐತ್ರಿ, ಅವ್ವಾರ" ಎಂದೆ.

"ಹಂಗ ಐತಿ ಅಂದ್ರ ಹಂಗ ಇರ್ಲಿ" ಎಂದು ಒಳಗೆ ಹೋದಳು. ತನ್ನ ಪರವಾಗಿ ಹೇಳು ಎಂದು ಕೇಳಲಿಲ್ಲ.

ಈಗ ಆ ಗಂಟೆಯ ವಿಷಯ ಬಿಡಿಸಿ ಹೇಳಬೇಕು. ನಾನು ಹುಡುಗನಿದ್ದಾಗ ಅಪ್ಪ ಈ ಮನೆಯ ಸಾಲು ಕಲಿಸುವಾಗ ಐದನೆಯವರಾದ ಚನ್ನಬಸವಗೌಡರ ಹೆಸರಿಗೆ ಬಂದು ನಿಂತ. ನನ್ನ ಕಿವಿಯ ಹತ್ತಿರ ಬಾಯಿ ತಂದು ಹೇಳಿದ: "ಇಲ್ಲಿ ನೀಲವ್ವ. ಗಂಡ ಸತ್ತ ಮ್ಯಾಲ ಗಾದಿಮ್ಯಾಲ ಕುಂತಾಕಿ. ಮೈದುನನ ಮಗ ದೊಡ್ಡವನಾಗೂ ತನಕ ನಾಡಗೌಡಕಿ ಮಾಡ್ಯಾಳ, ಕೆರಿಗೆ ಕಲ್ಲಿನ ತೂಬು ಇಡಿಸ್ಯಾಳ. ಆದ್ರ ಗಂಡ ಇಲ್ಲದಾಕಿ ಹೆಸರ ಮಂಗಳದಾಗ ಬಾಯಿಂದ ಬರಬಾರದು. ಗಂಟಿಯಿಂದ ಬರಬೇಕು." ಹೀಗೆ ಒಬ್ಬ ನಾಡಗೌಡತಿ ನಮ್ಮ ಗಂಟೆಯ ಸದ್ದಾಗಿ ಉಳಿದಿದ್ದಳು. ಕೇಳುವವರಿಗೆ ಅದು ಸುಮ್ಮನೆ ಒಂದು ಸದ್ದು. ಹೇಳುವವರಿಗೆ ಮಾತ್ರ ಅದೊಂದು ಹೆಸರು. ನಾನು ನನ್ನ ಮಗ ಫಕೀರಪ್ಪನಿಗೂ ಹಾಗೆಯೇ ಕಿವಿಯಲ್ಲಿ ಹೇಳಿಕೊಟ್ಟಿದ್ದೆ.

ಚನ್ನವ್ವ ಹೋದ ಮೇಲೆ ಯಲ್ಲವ್ವನಿಗೆ ಎಲ್ಲ ಹೇಳಿದೆ. ನಮ್ಮ ಸೊಸೆ ಆಗ ಲಕ್ಷ್ಮೇಶ್ವರದಲ್ಲಿ ತುಂಬಿದ ಬಸುರಿ. ಅದಕ್ಕೂ ಮೊದಲು ಹುಟ್ಟಿದ ಒಂದು ಕೂಸು ಉಳಿದಿರಲಿಲ್ಲ. ಹಿರಿಯರು ಕಟ್ಟಿದ ಕಟ್ಟು ಮುರಿದು ಅಮಂಗಳದ ಹೆಸರು ತೆಗೆದರೆ ಅದು ನಮ್ಮ ಮನೆಯ ತೊಟ್ಟಿಲಿಗೆ ತಟ್ಟೀತು ಎಂಬ ಹೆದರಿಕೆ ನನಗೆ. ಒಕ್ಕಲು ಕೈಬಿಟ್ಟುಹೋಗುವ ಹೆದರಿಕೆ ಅದರ ಮೇಲೆ. ಯಲ್ಲವ್ವ ಕಲ್ಲಿನ ಒಲೆಗೆ ಕಟ್ಟಿಗೆ ಒಟ್ಟಿದಳು. ಆಮೇಲೆ ಕೇಳಿದಳು: "ನನಗಿಂತ ಮೊದಲ ನೀ ಹೋದಿ ಅಂತ ತಿಳಕೋ. ನಮ್ಮ ಮನಿ ಸಾಲ ಹೇಳೂ ಮುಂದ ನಿನ್ನ ಮಗ ನನ್ನ ಹೆಸರಿಗೂ ಗಂಟೀನ ಬಾರಸ್ತಾನೇನು?"

ನಾನು ಎತ್ತಿನ ಮುಂದಿದ್ದ ಕಣಿಕೆಯನ್ನು ಸರಿಸಿ ಹಾಕಿದೆ.

"ಬಸುರಿ ಸೊಸಿ ಚಿಂತಿ ನನಗೂ ಐತಿ" ಎಂದಳು. "ಆದ್ರ ಇದ್ದಾಕಿನ್ನ ಇದ್ದಾಳ ಅಂದ್ರ ಯಾವ ದೇವರು ಸಿಟ್ಟಾಗ್ತಾನ? ಇಲ್ಲಂದ್ರ ಆಗಬೇಕು."

ಮರುದಿನ ಮುಂಜಾನೆ ವಾಡೆಯ ಪಡಸಾಲೆಯಲ್ಲಿ ಊರ ಹಿರಿಯರು ಕೂಡಿದರು. ಶಂಕರಗೌಡರನ್ನು ತಂದು ಮಂಚದ ಮೇಲೆ ದಿಂಬಿಗೆ ಒರಗಿಸಿದರು. ಪಕ್ಕದಲ್ಲಿ ವಿರೂಪಾಕ್ಷಗೌಡರು, ಅವರ ಮಗ. ಚನ್ನವ್ವ ಕಂಬದ ಹಿಂದೆ ನಿಂತಿದ್ದಳು. ಶಂಕರಗೌಡರ ಹೆಂಡತಿ ತೀರಿಕೊಂಡಿದ್ದರಿಂದ ಎಲೆ ಇಡುವ ಕೆಲಸ ವಿರೂಪಾಕ್ಷಗೌಡರ ಹೆಂಡತಿ ಗೌರವ್ವನದು. ಅವಳು ಹರಿವಾಣ ಹಿಡಿದು ಹೊಸ್ತಿಲ ಒಳಗೆ ಕುಳಿತಿದ್ದಳು. ನಾನು ಗಂಟೆ ಬಾರಿಸಿ ಶುರು ಮಾಡಿದೆ. ಮೂಲಪುರುಷ ಮಲ್ಲನಗೌಡರು. ಅವರ ಮಗ ಹಿರೇಗೌಡರು. ಯಾರು ಯಾವ ಊರಿನ ಹೆಣ್ಣು ತಂದರು, ಯಾರು ಏರಿ ಎತ್ತರಿಸಿದರು, ಯಾರು ದಂಡಿನ ಜೊತೆ ಹೋಗಿ ಬರಲಿಲ್ಲ, ಎಲ್ಲವೂ ರಾಗದಲ್ಲಿ ಬರುತ್ತಿತ್ತು. ಐದನೆಯವರಾದ ಚನ್ನಬಸವಗೌಡರಿಗೆ ಬಂದೆ. ಗಂಟೆಯನ್ನು ಕೆಳಗೆ ಇಟ್ಟೆ.

"ಅವರ ತರುವಾಯ ಗಾದಿಗೆ ಬಂದಾಕಿ ಅವರ ಹೆಂಡತಿ ನೀಲವ್ವ. ಆರನೇ ನಾಡಗೌಡಕಿ ಆಕಿದು. ಕೆರಿಗೆ ಕಲ್ಲಿನ ತೂಬು ಇಡಿಸಿದಾಕಿ."

ವಿರೂಪಾಕ್ಷಗೌಡರು ಎದ್ದು ನಿಂತರು.

"ಲೇ ಹನಮಂತ, ಏನ್ ಹೇಳಾಕತ್ತೀಲೇ? ಎಷ್ಟ ಚೀಲ ಜ್ವಾಳ ಹಾಕ್ಯಾಳ ಚನ್ನವ್ವ ನಿನಗ?"

"ಒಂದ ಹೊರಿ ಕಣಕಿ ಹಾಕ್ಯಾರ್ರಿ, ಅದೂ ನನ್ನ ಎತ್ತಿಗೆ" ಎಂದೆ. ಯಾರೋ ಹಿಂದೆ ಕಿಸಕ್ಕನೆ ನಕ್ಕರು.

"ನಗಿಚಾಟಿಕಿ ಬ್ಯಾಡ. ನಿಮ್ಮಪ್ಪನ ಬಾಯಾಗ ಇಲ್ಲದ ನೀಲವ್ವ ಇವತ್ತ ಎಲ್ಲಿಂದ ಬಂದ್ಲು?"

"ನಮ್ಮಪ್ಪನ ಕಾಲದಾಗೂ ಇದ್ಲರಿ, ಗೌಡ್ರ. ಗಂಟ್ಯಾಗ ಇದ್ಲು. ನೀವ ಕೇಳೀರಿ. ಐದನೇ ಹೆಸರಾದ ಮ್ಯಾಲ ಗಂಟಿ ಬಾರಸ್ತಿದ್ದಿಲ್ಲೇನು? ಆ ಗಂಟಿ ಅಂದ್ರನ ನೀಲವ್ವ."

"ಗಂಟಿಗೆ ಬಾಯಿ ಇಲ್ಲ, ನೀ ಏನ ಹೇಳಿದ್ರೂ ನಡೀತೈತಿ ಅಂದಕೊಂಡೀಯೇನು?"

ಅವರು ಹೇಳಿದ್ದು ಸರಿಯಾಗಿತ್ತು. ನನ್ನ ಅಪ್ಪ ನನ್ನ ಕಿವಿಯಲ್ಲಿ ಹೇಳಿದ್ದಕ್ಕೆ ನನ್ನ ಕಿವಿ ಬಿಟ್ಟರೆ ಸಾಕ್ಷಿ ಯಾರು? ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟರಲ್ಲಿ ಹೊಸ್ತಿಲ ಒಳಗಿಂದ ಬಳೆಯ ಸದ್ದಾಯಿತು. ಗೌರವ್ವ ಸೆರಗು ಮುಂದಕ್ಕೆ ಎಳೆದುಕೊಂಡು, ಹರಿವಾಣ ಹಿಡಿದು ಗಂಡಸರ ನಡುವೆ ಬಂದಳು. ಆ ಮನೆಯ ಸೊಸೆ ಪಡಸಾಲೆಗೆ ಹಾಗೆ ಬಂದದ್ದನ್ನು ನಾನು ಅದಕ್ಕಿಂತ ಮೊದಲು ಕಂಡಿರಲಿಲ್ಲ.

"ಇಲ್ನೋಡ್ರಿ" ಎಂದು ಗಂಡನ ಮುಂದೆಯೇ ಇಟ್ಟಳು. "ಐದ ಎಲಿಗೆ ಕುಂಕುಮ ಹಚ್ಚೇನಿ. ಈ ಆರನೇದಕ್ಕ ಇಭೂತಿ. ನಮ್ಮತ್ತಿ ಹೇಳಿಕೊಟ್ಟದ್ದು ಇದು. ನಡುವ ಗಂಟಿ ಬಾರಿಸಿದಾಗ ಒಂದ ಎಲಿ ಇಡು, ಅದಕ್ಕ ಕುಂಕುಮ ಬ್ಯಾಡ, ಇಭೂತಿ ಹಚ್ಚು ಅಂದಿದ್ರು. ಅವರಿಗೆ ಅವರತ್ತಿ ಹೇಳಿದ್ರಂತ. ಯಾರಿಗಂತ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಇವತ್ತ ಗೊತ್ತಾತು."

ನಾನು ಐದನೆಯ ಹೆಸರಿನ ಮೇಲೆ ಗಂಟೆ ಬಾರಿಸಿರಲೇ ಇಲ್ಲ. ಆದರೂ ಆ ಜಾಗ ಬಂದಾಗ ಅವಳ ಕೈ ತಾನಾಗಿ ವಿಭೂತಿಯ ಬಟ್ಟಲಿಗೆ ಹೋಗಿತ್ತು. ಕುಂಕುಮ ಇಲ್ಲದೆ ವಿಭೂತಿ ಹಚ್ಚಿದ ಎಲೆ ಯಾರದು ಎಂದು ಅಲ್ಲಿ ಕುಳಿತವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೊರಗೆ ನಾವು ಗಂಟೆಯಲ್ಲಿ ಇಟ್ಟುಕೊಂಡು ಬಂದವಳನ್ನು ಒಳಗೆ ಅವರು ಎಲೆಯಲ್ಲಿ ಇಟ್ಟುಕೊಂಡು ಬಂದಿದ್ದರು. ನಡುವೆ ಒಂದು ಹೊಸ್ತಿಲು ಅಷ್ಟೇ.

ವಿರೂಪಾಕ್ಷಗೌಡರು ಹೆಂಡತಿಯ ಮುಖ ನೋಡಿದರು. "ನೀನೂ ಅವರ ಕಡಿಗೆ ಆದೇನು?" ಎಂದರು.

"ನಾ ಯಾರ ಕಡಿಗೂ ಆಗಿಲ್ಲ. ಇಟ್ಟ ಎಲಿ ತೋರಿಸೇನಿ" ಎಂದು ಅವಳು ಮತ್ತೆ ಒಳಗೆ ಹೋಗಿ ಕುಳಿತಳು.

ವಿರೂಪಾಕ್ಷಗೌಡರು ಮೆಟ್ಟು ಮೆಟ್ಟಿಕೊಂಡು ಅಂಗಳಕ್ಕೆ ಹೋದರು. ಶಂಕರಗೌಡರು ಮಂಚದ ಮೇಲಿಂದ ನನಗೆ ಹೇಳಿದರು: "ನೀ ಹೇಳೂದ ಮುಗಸಪ್ಪ. ನಡುವ ನಿಲ್ಲಿಸಿದ್ರ ಮುಂದಿನವರೆಲ್ಲ ಬಾಗಲದಾಗ ನಿಂತಬಿಡ್ತಾರ." ಲಕ್ವದಿಂದ ಮಾತು ತೊದಲುತ್ತಿತ್ತು, ಆದರೂ ಎಲ್ಲರಿಗೂ ಕೇಳಿಸಿತು. ನಾನು ಉಳಿದ ಹೆಸರುಗಳನ್ನು ಹೇಳಿದೆ. ಶಂಕರಗೌಡರ ಹೆಸರಿಗೆ ಬಂದು ನಿಂತೆ. ಮುಂದಿನ ಹೆಸರನ್ನು ಹೆಳವ ತಾನಾಗಿ ಹೇಳುವಂತಿಲ್ಲ, ಗಾದಿಯ ಮೇಲಿದ್ದವರು ಕೊಡಬೇಕು.

"ನನ್ನ ಮುಂದ ಚನ್ನವ್ವ" ಎಂದರು ಅವರು.

ನಾನು ದನಿ ಎತ್ತಿ ಹೇಳಿದೆ. ನನ್ನ ಜನ್ಮದಲ್ಲಿ ಅಷ್ಟು ದೊಡ್ಡ ದನಿಯಲ್ಲಿ ಯಾರ ಹೆಸರನ್ನೂ ಹೇಳಿಲ್ಲ. ಕಂಬದ ಹಿಂದೆ ನಿಂತಿದ್ದವಳು ಮುಂದೆ ಬಂದು ಅಪ್ಪನ ಕಾಲ ಹತ್ತಿರ ಕುಳಿತಳು. ಈಗ ಇನ್ನೊಂದು ತೊಡಕು. ರುಮಾಲು ಸುತ್ತಬೇಕಾದವರು ಮನೆಯ ಗಂಡಸು. ಶಂಕರಗೌಡರಿಗೆ ಒಂದೇ ಕೈ. ಇನ್ನೊಬ್ಬರು ಅಂಗಳದಲ್ಲಿ ಬೆನ್ನು ತಿರುಗಿಸಿ ನಿಂತಿದ್ದಾರೆ. ಯಾರೂ ಅವರನ್ನು ಕರೆಯಲಿಲ್ಲ. ಕೆಂಪು ರುಮಾಲು ತಟ್ಟೆಯಲ್ಲೇ ಇತ್ತು.

ಬಹಳ ಹೊತ್ತಾದ ಮೇಲೆ ವಿರೂಪಾಕ್ಷಗೌಡರು ಮೆಟ್ಟು ಕಳಚಿ ಒಳಗೆ ಬಂದರು. ರುಮಾಲು ಎತ್ತಿ ಒಂದು ಸಾರಿ ಝಾಡಿಸಿದರು. "ತಲಿ ನೆಟ್ಟಗ ಹಿಡಿಯವ್ವ" ಎಂದು ಅಣ್ಣನ ಮಗಳ ಸೆರಗಿನ ಮೇಲೆಯೇ ಸುತ್ತಲು ಶುರುಮಾಡಿದರು. "ನಾ ಒಪ್ಪೇನಿ ಅಂತ ತಿಳೀಬ್ಯಾಡ. ನೀಲವ್ವನ್ನ ಒಪ್ಪೇನಿ. ನಿನ್ನ ಒಪ್ಪೂದು ತೂಬು ಎತ್ತಿದ ಮ್ಯಾಲ."

"ಆತು ಕಾಕಾ" ಎಂದಳು ಚನ್ನವ್ವ. "ತೂಬು ಎತ್ತೂ ಮುಂದ ನೀವೂ ಬರ್ರಿ, ಭಾರ ಐತಿ."

ಅವರು ನಗಬಾರದೆಂದು ತುಟಿ ಬಿಗಿಹಿಡಿದರು. ಆದರೂ ನಗು ಬಂತು.

ಚನ್ನವ್ವನ ಕೈಯಿಂದ ಆ ವರ್ಷ ನೀರು ಹರಿಯಿತು. ವಿರೂಪಾಕ್ಷಗೌಡರು ಏರಿಯ ಮೇಲೆ ಅವಳ ಪಕ್ಕದಲ್ಲೇ ನಿಂತಿದ್ದರು ಎಂದು ನಾನು ಆಮೇಲೆ ಕೇಳಿದೆ. ಕೈ ಹಚ್ಚಿದರೋ ಇಲ್ಲವೋ ಗೊತ್ತಿಲ್ಲ. ನಾನು ಆ ಹೊತ್ತಿಗೆ ಲಕ್ಷ್ಮೇಶ್ವರದ ದಾರಿ ಹಿಡಿದಿದ್ದೆ. ಎತ್ತಿನ ಮೇಲೆ ಕುಳಿತವನಿಗೆ ದಾರಿಯುದ್ದಕ್ಕೂ ಸೊಸೆಯದೇ ಚಿಂತೆ. ಶಿರಹಟ್ಟಿ ದಾಟುವಾಗ ಯಲ್ಲವ್ವ, "ಎತ್ತಿಗೆ ತಿಳೀತೈತಿ ನಿನ್ನ ಅವಸರ, ಅದಕ್ಕ ಇನ್ನೂ ಸಾವಕಾಶ ನಡ್ಯಾಕತ್ತೈತಿ" ಎಂದು ಚುಚ್ಚಿದಳು. ಅವಳಿಗೂ ಅಷ್ಟೇ ಅವಸರ ಇತ್ತು. ಮನೆ ಮುಟ್ಟಿದಾಗ ಬಾಗಿಲಲ್ಲಿ ಬೇವಿನ ಸೊಪ್ಪು ಕಟ್ಟಿತ್ತು. ಒಳಗಿಂದ ಕೂಸಿನ ಅಳು ಕೇಳಿತು. ಗಟ್ಟಿ ಅಳು. ಹೆಣ್ಣು ಕೂಸು.

ಅದೇ ಕಸ್ತೂರಿ.

ಅದರ ಮುಂದಿನ ವರ್ಷಗಳಲ್ಲಿ ನಾನು ಒಂದು ಪದ್ಧತಿ ಹಾಕಿಕೊಂಡೆ. ಯಾವ ಒಕ್ಕಲಿಗೆ ಹೋದರೂ ಗಂಡುಮಕ್ಕಳ ಹೆಸರಿನ ಜೊತೆಗೆ ಹೆಣ್ಣುಮಕ್ಕಳ ಹೆಸರನ್ನೂ ಕೇಳಿ ಸೇರಿಸಿಕೊಳ್ಳುವುದು. ಕೆಲವರು "ಆಕಿ ಬ್ಯಾರೆ ಮನಿಗೆ ಹೋಗಾಕಿ, ಯಾಕ ಬೇಕು?" ಎನ್ನುತ್ತಿದ್ದರು. "ಹುಟ್ಟಿದ್ದು ಇಲ್ಲೇ ಅಲ್ಲೇನ್ರಿ?" ಎಂದು ಕೇಳುತ್ತಿದ್ದೆ. ನನ್ನ ಉದ್ಯೋಗ ನನಗೆ ಕಲಿಸಿದ್ದು ಇಷ್ಟೇ. ವಂಶ ಹೇಳುವವನು ಯಾರನ್ನೂ ದೊಡ್ಡವರನ್ನಾಗಿ ಮಾಡಬೇಕಾಗಿಲ್ಲ. ಯಾರು ಯಾವ ಜಾಗದಲ್ಲಿ ಇದ್ದರೋ ಅವರನ್ನು ಆ ಜಾಗದಲ್ಲಿ ಕೂರಿಸಿದರೆ ಅವನ ಕೆಲಸ ಮುಗಿಯಿತು. ಅದೇ ಬಹಳ ಕಠಿಣ. ಅದನ್ನು ಮಾಡಿದ್ದೇನೆ ಎಂಬ ಹೆಮ್ಮೆ ನನಗಿದೆ. ಇವತ್ತು ಮುಚ್ಚಿಡುವುದಿಲ್ಲ.

ಈಗ ಸಂಜೆಯಾಗಿದೆ. ನಾನು ಬರೆಯುತ್ತಾ ಕುಳಿತಿದ್ದೇನೆ. ಮನೆ ತುಂಬ ಜನ. ಗದಗ-ಬೆಟಗೇರಿಯಿಂದ ನನ್ನ ಮಗಳು, ಅಳಿಯ ಬಂದಿದ್ದಾರೆ. ಅಡುಗೆ ಮನೆಯಿಂದ ಹೋಳಿಗೆಯ ವಾಸನೆ ಬರುತ್ತಿದೆ. ಕಸ್ತೂರಿ ಬಂದು ಹೆಗಲ ಮೇಲಿಂದ ಬಗ್ಗಿ ನೋಡಿ, "ಯಜ್ಜಾ, ಇದೆಲ್ಲಾ ಖರೇನ?" ಎಂದಳು. "ನೀ ಊರಾಗ ಹೋಗಿ ಇಚಾರಿಸು. ಖರೆ ಇದ್ರ ಸಹಿ ಹಾಕು" ಎಂದೆ. "ಅರ್ಜಿ ಕೊಡ್ರಿ, ನೋಡೂಣು" ಎಂದಳು, ಆಗಲೇ ತಲಾಟಿಯ ಗತ್ತಿನಲ್ಲಿ.

ಇದಿಷ್ಟನ್ನು ಉಂಡು ಬಂದ ಮೇಲೆ ಬರೆಯುತ್ತಿದ್ದೇನೆ. ಊಟಕ್ಕೆ ಕರೆದರು. ಹೋದೆ. ನಮ್ಮ ಮನೆಯಲ್ಲಿ ಮೊದಲು ಗಂಡಸರು, ಮಕ್ಕಳು, ಆಮೇಲೆ ಹೆಂಗಸರು ಉಣ್ಣುವುದು. ಇವತ್ತು ಕಸ್ತೂರಿ ಒಂದೇ ಸಾಲಿನಲ್ಲಿ ಎಲ್ಲರಿಗೂ ತಾಟು ಇಟ್ಟಿದ್ದಳು. ಅಜ್ಜಿಗೂ ಇಟ್ಟಿದ್ದಳು, ನನ್ನ ಬಲಕ್ಕೆ. ಯಲ್ಲವ್ವ ನಿಂತೇ ಇದ್ದಳು.

"ನಾನೂ ಕುಂತ್ರ ನೀಡಾವ್ರು ಯಾರು?" ಎಂದಳು.

ಫಕೀರಪ್ಪ ಎದ್ದು ರೊಟ್ಟಿಯ ಬುಟ್ಟಿ, ಎಣ್ಣೆಗಾಯಿ ಪಲ್ಯದ ಪಾತ್ರೆ, ಹೋಳಿಗೆಯ ಡಬರಿ, ತುಪ್ಪದ ಗಿಂಡಿ ಎಲ್ಲವನ್ನೂ ತಂದು ಸಾಲಿನ ನಡುವೆ ಇಟ್ಟ. ಸೊಸೆ ಕುಳಿತಳು, ಮಗಳು ಕುಳಿತಳು. ಯಲ್ಲವ್ವ ಮೊಣಕಾಲ ಮೇಲೆ ಕೈ ಊರಿ ಸಾವಕಾಶವಾಗಿ ನನ್ನ ಪಕ್ಕದಲ್ಲಿ ಕುಳಿತಳು. ಬುಟ್ಟಿ ಕೈಯಿಂದ ಕೈಗೆ ಹೋಯಿತು. ನಾನು ಒಂದು ಹೋಳಿಗೆ ತೆಗೆದು ಅವಳ ತಾಟಿಗೆ ಹಾಕಿ, ಮೇಲೆ ತುಪ್ಪ ಸುರಿದೆ.

"ಸಾಕು, ಸಾಕು" ಎಂದಳು. ಆದರೆ ತಾಟು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.